ನಮ್ಮ ಮನೆಗೇ ತಿರುಗಿದ ಪುಟ

ನನ್ನ ಹೆಂಡತಿಯನ್ನು ಆರೂ ಇಪ್ಪತ್ತರ ಬಸ್ಸು ಹತ್ತಿಸಿ ಮನೆ ಬಿಡಿಸಿದವನು ನಾನೇ. ಜಗಳವಾಡಿ ಓಡಿಸಲಿಲ್ಲ, ಕುತ್ತಿಗೆ ಹಿಡಿದು ದಬ್ಬಲೂ ಇಲ್ಲ. ಯಾವ ಬಸ್ಸಿಗೆ ಹೋಗಬೇಕು, ಯಾವ ಸೀಟಿನಲ್ಲಿ ಕೂರಬೇಕು, ಗಂಡನಿಗೆ ಗೊತ್ತಾಗದ ಹಾಗೆ ಮನೆಯಿಂದ ಹೇಗೆ ಹೊರಬೀಳಬೇಕು ಎಂದು ಒಂದೊಂದಾಗಿ ಬರೆದು ತಿಳಿಸಿದೆ. ಬರೆದು ಮುಗಿಸಿ, ಎಂಥ ಒಳ್ಳೆಯ ಕೆಲಸ ಮಾಡಿದೆನಪ್ಪಾ ಎಂದು ಬೀಗಿ, ಅರ್ಧ ಲೋಟ ಕಾಫಿ ಹೆಚ್ಚಾಗಿ ಕೇಳಿ ಕುಡಿದೆ. ಆ ಕಾಫಿ ತಂದುಕೊಟ್ಟವಳೂ ಅವಳೇ.

ನಾನು ಗುರುಶಾಂತಪ್ಪ. ನಮ್ಮೂರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದೆ. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಂಡು, ಮೈಕಿನಲ್ಲಿ ಕೂಗಿ ಹೇಳುವ ಕೆಲಸ. ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ಮಗಳು ಓದುವಾಗ ಕೊಂಡಿದ್ದ ಕಂಪ್ಯೂಟರು ಹಜಾರದಲ್ಲಿತ್ತು. ಅದರಲ್ಲಿ ಇಂಟರ್ನೆಟ್ ತೆರೆದ ಕೂಡಲೇ ಬಸ್ಸುಗಳ ವೇಳಾಪಟ್ಟಿ ಬರುವ ಹಾಗೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಅದನ್ನು ನೋಡಿ, ತಡವಾಗಿ ಹೊರಟ ಬಸ್ಸುಗಳಿಗೆ ಮನಸಾರೆ ಬೈದರೆ ಹೊಟ್ಟೆ ತಣ್ಣಗಾಗುತ್ತಿತ್ತು. ನನ್ನ ಹೆಂಡತಿ ಚೆನ್ನಾಜಮ್ಮ ಮಧ್ಯಾಹ್ನ, ನಾನು ಗೆಳೆಯರ ಜೊತೆ ಹರಟೆಗೆ ಹೋದಾಗ, ಅದೇ ಕಂಪ್ಯೂಟರಿನಲ್ಲಿ ಅದೇನೋ ನೋಡಿಕೊಳ್ಳುತ್ತಿದ್ದಳು. ಏನು ನೋಡುತ್ತಾಳೆ ಎಂದು ನಾನು ಕೇಳಿದವನಲ್ಲ.

ಹಲಸಿನ ಹಣ್ಣಿನ ಕಾಲದ ಒಂದು ಮಂಗಳವಾರ ಕಂಪ್ಯೂಟರು ಹಾಕಿದೆ. ವೇಳಾಪಟ್ಟಿ ಕಣ್ಣಿಗೆ ಬಿತ್ತು ಅನ್ನುವಷ್ಟರಲ್ಲಿ ಪುಟ ತನ್ನಷ್ಟಕ್ಕೆ ತಿರುಗಿ, ಬೋಳು ಬಿಳಿಯ ಇನ್ನೊಂದು ಪುಟ ಬಂದು ನಿಂತಿತು. ಅದರ ಮೇಲೆ ಒಂದೇ ಸಾಲು: ‘ಕೈಗೆ ಹತ್ತಿದ ಹಲಸಿನ ಮೇಣ ಎಷ್ಟು ತೊಳೆದರೂ ಹೋಗುತ್ತಿಲ್ಲ, ಏನು ಮಾಡಬೇಕು?’ ಕೆಳಗೆ ಉತ್ತರ ಬರೆಯಲು ಒಂದು ಖಾಲಿ ಚೌಕ. ಹಿಂದಕ್ಕೆ ಹೋಗಲು ಒತ್ತಿದೆ, ಮುಚ್ಚಿ ತೆರೆದೆ, ಕರೆಂಟೇ ತೆಗೆದು ಮತ್ತೆ ಹಾಕಿದೆ. ಮೇಣದ ಪ್ರಶ್ನೆ ಮೇಣದ ಹಾಗೆಯೇ ಅಂಟಿಕೊಂಡಿತ್ತು. ಕಂಪ್ಯೂಟರ್ ರಿಪೇರಿಯ ಸಮೀವುಲ್ಲಾನನ್ನು ಕರೆಸಿದೆ. ಅವನು ಬಂದು, ಯಾರೂ ಕರೆಯದೆ ಬಂದು ಸೇರಿದ್ದ ಪ್ರೋಗ್ರಾಮುಗಳನ್ನೆಲ್ಲ ಕಿತ್ತುಹಾಕಿ, ಮೊದಲ ಪುಟವನ್ನು ಮತ್ತೆ ಹೊಂದಿಸಿಕೊಟ್ಟ. ಅವನು ಗೇಟು ದಾಟುವುದರೊಳಗೆ ಪುಟ ತಿರುಗಿತು. ಕೊನೆಗೆ ಡಬ್ಬವನ್ನೇ ಅಂಗಡಿಗೆ ಹೊತ್ತೊಯ್ದು ಎರಡು ದಿನ ಇಟ್ಟುಕೊಂಡು ವಾಪಸ್ಸು ತಂದ.

“ಅಂಗಡೀಲಿ ಒಂದ್ ಸಲಾನೂ ತಿರುಗಲಿಲ್ಲ ಅಂಕಲ್. ಮೆಷೀನ್ ಸರಿ ಇದೆ, ನಿಮ್ ಮನೇನೇ ಸರಿ ಇಲ್ಲ,” ಎಂದು ನಕ್ಕ. ಆ ವಾರ ಊರಿನ ಎಲ್ಲ ಮನೆಗಳಲ್ಲೂ ಅವನು ಅದೇ ಮಾತು ಹೇಳಿ ಬಂದಿದ್ದನಂತೆ.

ಹೌದು, ಊರಿಗೆ ಊರೇ ಹಾಗಾಗಿತ್ತು. ಕಚೇರಿ, ಬ್ಯಾಂಕು, ಶಾಲೆಗಳ ಕಂಪ್ಯೂಟರುಗಳು ನೆಟ್ಟಗಿದ್ದವು. ಮನೆಗಳಲ್ಲಿ ಇದ್ದವು ಮಾತ್ರ ತೆರೆದೊಡನೆ ತಿರುಗಿ ಯಾರೋ ಕೇಳಿದ ಪ್ರಶ್ನೆಯ ಮುಂದೆ ತಂದು ನಿಲ್ಲಿಸುತ್ತಿದ್ದವು. ಉತ್ತರ ಬರೆದರಷ್ಟೇ ಮುಂದಕ್ಕೆ ದಾರಿ. ನಾವು ಏನಾದರೂ ಕೇಳಿದರೆ ಅದು ಊರಿನ ಇನ್ನಾವುದೋ ಮನೆಗೆ ಹೋಗಿ, ಮಾರನೆಯ ದಿನ ಉತ್ತರ ಬರುತ್ತಿತ್ತು. ಮೊದಮೊದಲು ಜನ ಹಿಡಿಶಾಪ ಹಾಕಿದರು. ಸುಳ್ಳುಪಳ್ಳು ಬರೆದು ದಾಟಿಕೊಂಡರು. ಗಿರಣಿಯವರ ಮನೆಗೆ ಯಾರೋ ಬರೆದ ತಮಾಷೆಯ ಉತ್ತರ ನಂಬಿ ಅವರ ಅತ್ತೆ ಮೂರು ದಿನ ಹಾಗಲಕಾಯಿ ರಸ ಕುಡಿದು ಹಾಸಿಗೆ ಹಿಡಿದ ಮೇಲೆ ಎಲ್ಲರಿಗೂ ಹೆದರಿಕೆ ಹುಟ್ಟಿತು. ಆಮೇಲೆ ತಾನಾಗಿ ಕಟ್ಟುಪಾಡು ಬಂತು. ಬಂದ ಪ್ರಶ್ನೆಗೆ ಗೊತ್ತಿದ್ದದ್ದನ್ನು ನಿಜವಾಗಿ ಬರೆಯಬೇಕು. ಕೇಳಿದವರು ಯಾರು ಎಂದು ಹುಡುಕಬಾರದು. ಬೀದಿಯಲ್ಲಿ ಎದುರಾದವರನ್ನು ‘ಅದು ನೀವೇನಾ’ ಎಂದಂತೂ ಕೇಳಲೇಬಾರದು. ತನ್ನ ಮನೆಯ ಪ್ರಶ್ನೆ ತನ್ನ ಮನೆಗೇ ಬರುವುದಿಲ್ಲ ಎನ್ನುವುದು ಎಲ್ಲರ ಖಚಿತ ನಂಬಿಕೆ. ಅದನ್ನು ಯಾರು ಪರೀಕ್ಷೆ ಮಾಡಿ ನೋಡಿದ್ದರು? ಯಾರೂ ಇಲ್ಲ. ಸೂರ್ಯ ಮೂಡುವ ದಿಕ್ಕನ್ನು ಒಪ್ಪಿಕೊಂಡ ಹಾಗೆ ಒಪ್ಪಿಕೊಂಡುಬಿಟ್ಟೆವು.

ನಾನು ಇದರಲ್ಲಿ ಪಳಗಿಬಿಟ್ಟೆ. ಮೂವತ್ತೊಂದು ವರ್ಷ ಜನರ ಪ್ರಶ್ನೆಗೆ ಉತ್ತರ ಹೇಳಿದ ಬಾಯಿ ನೋಡಿ, ಸುಮ್ಮನಿದ್ದು ತುಕ್ಕು ಹಿಡಿಯುತ್ತಿತ್ತು. ಮೇಣಕ್ಕೆ ಕೊಬ್ಬರಿ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ ಎಂದು ಬರೆದೆ. ಮಾರನೆಯ ದಿನದ ಪುಟದ ಮೇಲೆ ‘ಹೋಯಿತು, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ’ ಎಂದಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿಂದ ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಸ್ನಾನಕ್ಕೆ ಹೋಗುವ ಮುಂಚೆ ಒಂದು ಗಂಟೆ ಅದೇ ಪೂಜೆ. ‘ಎಡಗಡೆಯ ಭುಜ ಎತ್ತಲು ಆಗುತ್ತಿಲ್ಲ, ಒರಳು ತಿರುವಿದರೆ ಜೀವ ಹೋಗುತ್ತದೆ’ ಎಂದು ಒಮ್ಮೆ ಬಂತು. ಅದಕ್ಕೆ ನಾನು ಹದಿನೈದು ಸಾಲು ಬರೆದೆ. ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಭಾರ ಎತ್ತಬೇಡಿ, ಮನೆಯಲ್ಲಿ ಗಂಡಸರಿದ್ದರೆ ನೀರು ಸೇದಿಕೊಡಲು ಹೇಳಿ, ಸಂಕೋಚ ಬೇಡ ತಾಯೀ, ನಿಮ್ಮ ಕೈ ಅವರಿಗೂ ಬೇಕಾದದ್ದೇ ತಾನೆ ಎಂದೆಲ್ಲ. ‘ಊಟಕ್ಕೆ ಕೂತಾಗ ಎದುರಿಗಿರುವವರು ಮಾತೇ ಆಡದಿದ್ದರೆ ಏನು ಮಾಡಬೇಕು?’ ಎಂದು ಇನ್ನೊಮ್ಮೆ. ಅದನ್ನು ಓದಿ ನನ್ನ ಕಣ್ಣು ತೇವವಾಯಿತು. ಯಾವ ಮನೆಯ ಮೂದೇವಿಯಪ್ಪಾ ಇವನು ಎಂದು ಬೈದುಕೊಂಡೆ. ‘ನೀವೇ ಒಂದು ಮಾತು ಶುರು ಮಾಡಿ, ಅಡುಗೆಯ ವಿಷಯ ತೆಗೆಯಿರಿ, ಗಂಡಸರಿಗೆ ಬೇಗ ಬಾಯಿ ಬರುತ್ತದೆ’ ಎಂದು ಬರೆದೆ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಚೆನ್ನಾಜಿ, “ಸಾರಿಗೆ ಇವತ್ತು ಹೊಸ ಪುಡಿ ಹಾಕಿದೀನಿ ಕಣ್ರೀ, ಹೆಂಗಿದೆ?” ಎಂದಳು.

“ಹೂಂ,” ಎಂದೆ ನಾನು. ಅಂದು ತಡವಾಗಿ ಹೊರಟಿದ್ದ ಬಸ್ಸಿನ ಯೋಚನೆಯಲ್ಲಿದ್ದೆ.

ಸುಳ್ಳು ಯಾಕೆ ಹೇಳಲಿ, ನಮ್ಮ ಮನೆಯಲ್ಲಿ ನಾನು ಆಡುತ್ತಿದ್ದುದು ಬಹುಪಾಲು ಆ ಒಂದೇ ಮಾತು. ಕೆಟ್ಟ ಗಂಡನಲ್ಲ ನಾನು. ಹೊಡೆದವನಲ್ಲ, ಕುಡಿದವನಲ್ಲ. ಮೈಕಿನಲ್ಲಿ ಕೂಗಿ ಕೂಗಿ ಬಂದವನಿಗೆ ಮನೆಯಲ್ಲಿ ಸದ್ದಿಲ್ಲದಿದ್ದರೆ ಸಾಕಾಗಿತ್ತು. ನಿವೃತ್ತನಾದ ಮೇಲೆ ಮೈಕು ಹೋಯಿತು, ಮನೆಯ ಮೌನ ಮಾತ್ರ ಹಾಗೇ ಉಳಿಯಿತು. ಅವಳಿಗೂ ಅದೇ ಇಷ್ಟ ಎಂದುಕೊಂಡಿದ್ದೆ. ಅವಳನ್ನು ಕೇಳಲಿಲ್ಲ.

ಹೀಗೇ ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಈ ಪ್ರಶ್ನೆ ಬಂತು. ‘ಈ ಮನೆಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಯಾರ ಮೇಲೂ ಕೋಪವಿಲ್ಲ, ಆದರೆ ಇನ್ನು ನನ್ನಿಂದ ಆಗುವುದಿಲ್ಲ. ಹೊಳೆಯಾಚೆ ಅಕ್ಕನ ಊರಿಗೆ ಹೋಗಿಬಿಡಬೇಕು ಎಂದಿದ್ದೇನೆ. ಯಜಮಾನರು ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋದರೆ ಏಳಕ್ಕೆ ಬರುತ್ತಾರೆ. ಅಷ್ಟರಲ್ಲಿ ಯಾವ ಬಸ್ಸಿದೆ? ಗಲಾಟೆಯಾಗದೆ ಹೋಗುವುದು ಹೇಗೆ?’

ಬಸ್ಸಿನ ಪ್ರಶ್ನೆ! ನನಗೆ! ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಾನೂ ಐದೂವರೆಗೆ ಹೋಗಿ ಏಳಕ್ಕೆ ಬರುವವನೇ. ಇವನೂ ನನ್ನ ಹಾಗೆ ಶಿಸ್ತಿನ ಮನುಷ್ಯ ಇರಬೇಕು, ಪಾಪ, ಹೆಂಡತಿಯ ವಿಷಯದಲ್ಲಿ ಎಡವಿದ್ದಾನೆ ಎಂದುಕೊಂಡೆ. ಅಕ್ಕನ ಊರು ಹೊಳೆಯಾಚೆ ಎಂದರೇನು, ನಮ್ಮೂರಿನ ಅರ್ಧ ಹೆಂಗಸರ ತವರು ಹೊಳೆಯಾಚೆಯೇ. ಹೀಗೆ ಯೋಚಿಸುತ್ತ ಇದ್ದಾಗ ನನ್ನ ಹೆಂಡತಿ ಮೂರು ಮಾರು ದೂರದಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಅವಳ ಕಡೆ ತಿರುಗಿ ಸಹ ನೋಡಲಿಲ್ಲ.

ಬರೆದೆ. ‘ತಾಯೀ, ಆರೂ ಇಪ್ಪತ್ತರ ಬಸ್ಸಿಗೆ ಹೋಗಿ. ಡ್ರೈವರನ ಹಿಂದೆ ಮೂರನೆಯ ಸಾಲಿನ ಕಿಟಕಿ ಹಿಡಿಯಿರಿ, ಮುಖಕ್ಕೆ ಬಿಸಿಲು ಬೀಳುವುದಿಲ್ಲ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡರೆ ಬೇಡದವರು ಬಂದು ಕೂರುವುದಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟಿಗೆ ಮಾತ್ರ ಹೋಗಬೇಡಿ, ಸೊಂಟ ಮುರಿಯುತ್ತದೆ. ಕೂಡುರಸ್ತೆಯ ಹೋಟೆಲಿನ ಮುಂದೆ ಏಳೂ ಕಾಲಿಗೆ ತಿಂಡಿಗೆ ನಿಲ್ಲಿಸಿ, ಏಳೂ ನಲವತ್ತಕ್ಕೆ ಬಿಡುತ್ತಾನೆ. ಇಡ್ಲಿ ತಿನ್ನಿ, ಚಟ್ನಿ ಮುಟ್ಟಬೇಡಿ. ಮನೆಯಲ್ಲಿ ಫ್ಲಾಸ್ಕಿಗೆ ಕಾಫಿ ಹಾಕಿಟ್ಟು ಹೋಗಿ. ಕಾಫಿ ಸಿಕ್ಕಿದರೆ ಗಂಡಸರು ಸ್ವಲ್ಪ ಹೊತ್ತು ಯಾರನ್ನೂ ಹುಡುಕುವುದಿಲ್ಲ. ಬೀರುವಿನ ಬೀಗದ ಕೈಯನ್ನು ಅವರ ಕನ್ನಡಕದ ಡಬ್ಬಿಯಲ್ಲಿಡಿ, ಅಲ್ಲಿಗೆ ಹೇಗೂ ಕೈ ಹೋಗುತ್ತದೆ.’ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ‘ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದೂ ನಿಮ್ಮ ಬೆಲೆ ತಿಳಿಯದ ಆ ಮನುಷ್ಯನ ಕಣ್ಣಿಗೆ ಮಣ್ಣು ಬಿದ್ದಿರಬೇಕು. ಧೈರ್ಯವಾಗಿ ಹೋಗಿ ಬನ್ನಿ’ ಎಂದು ಸೇರಿಸಿದೆ.

ನಾಲ್ಕನೆಯ ದಿನ ಕೆರೆ ಏರಿಯ ಮೇಲೆ ವಾಕಿಂಗ್ ಮುಗಿಸಿ ಏಳಕ್ಕೆ ಮನೆಗೆ ಬಂದೆ. ದಿನಾ ನಾನು ಚಪ್ಪಲಿ ಬಿಡುವಷ್ಟರಲ್ಲಿ ಲೋಟ ಕೈಗೆ ಬರುತ್ತಿತ್ತು. ಅಂದು ಮೇಜಿನ ಮೇಲೆ ಫ್ಲಾಸ್ಕು ಇತ್ತು. ಹೂವಿಗೆ ಹೋಗಿರಬೇಕು ಎಂದುಕೊಂಡು ಕಾಫಿ ಬಗ್ಗಿಸಿಕೊಂಡೆ. ಹದವಾಗಿತ್ತು. ಆರಾಮವಾಗಿ ಕುಡಿದೆ. ಆಮೇಲೆ ಪೇಪರ್ ಓದೋಣ ಎಂದು ಕನ್ನಡಕದ ಡಬ್ಬಿ ತೆಗೆದೆ. ಕನ್ನಡಕದ ಮೇಲೆ ಬೀರುವಿನ ಬೀಗದ ಕೈ.

ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು. ಬೀಗದ ಕೈ ಜಾರಿಕೊಂಡು ಹೋಗಿ ಕಂಪ್ಯೂಟರಿನ ಮೇಜಿನ ಕೆಳಗೆ ನಿಂತಿತು. ನಾನು ಫ್ಲಾಸ್ಕು ನೋಡಿದೆ, ಬೀಗದ ಕೈ ನೋಡಿದೆ, ಮತ್ತೆ ಫ್ಲಾಸ್ಕು ನೋಡಿದೆ. ಅಡುಗೆಮನೆಗೆ ಓಡಿದೆ, ಹಿತ್ತಲಿಗೆ ಓಡಿದೆ. ಅವಳ ಹಸಿರು ಚೀಲ ಮೊಳೆಯ ಮೇಲೆ ಇರಲಿಲ್ಲ, ಬಾಗಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ. ಹಿತ್ತಲಿನ ಒರಳಿನ ಪಕ್ಕದ ಗೂಡಿನಲ್ಲಿ ಹರಳೆಣ್ಣೆಯ ಸೀಸೆ ಇತ್ತು, ತಳ ಕಾಣುವಷ್ಟು ಖರ್ಚಾಗಿತ್ತು. ಅದನ್ನು ಹಿಡಿದು ಹಾಗೇ ಒರಳಿನ ಮೇಲೆ ಕೂತೆ. ಭುಜ ಇವಳದು. ಸಾರು ಇವಳದು. ಹಲಸಿನ ಹಣ್ಣು ಬಿಡಿಸಿದವಳೂ ಇವಳೇ, ಆ ವಾರವೆಲ್ಲ ನಾನು ತೊಳೆ ತಿಂದು ಬೀಜ ಎಣಿಸದೆ ಉಗಿದಿದ್ದೆ. ಹನ್ನೊಂದು ತಿಂಗಳು ಒಂದೇ ಒಂದು ಪ್ರಶ್ನೆಯೂ ಬೇರೆ ಮನೆಯದಾಗಿರಲಿಲ್ಲ. “ಅಯ್ಯೋ ಶಿವನೇ” ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಇನ್ನೂ ನಂಬಿಕೆ ಬಾರದೆ ಕಂಪ್ಯೂಟರು ಹಾಕಿದೆ. ವೇಳಾಪಟ್ಟಿ ಬಂತು, ಪುಟ ತಿರುಗಿತು. ‘ಇಷ್ಟು ದಿನ ಉತ್ತರ ಬರೆದ ಪುಣ್ಯಾತ್ಮರಿಗೆ ನಮಸ್ಕಾರ. ನಾಳೆ ಹೊರಡುತ್ತಿದ್ದೇನೆ. ಈ ಊರಿನಲ್ಲಿ ನನ್ನ ಜೊತೆ ಮಾತಾಡಿದವರು ನೀವೊಬ್ಬರೇ. ಕೊನೆಯದಾಗಿ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಮನೆಯವರ ಹತ್ತಿರವೂ ನೀವು ಹೀಗೇ ಮಾತಾಡುತ್ತೀರಾ?’

ಚೌಕದಲ್ಲಿ ಗೆರೆ ಮಿಣುಕುತ್ತಿತ್ತು. ಹದಿನೈದು ಸಾಲು ಬರೆಯುವ ಗುರುಶಾಂತಪ್ಪನಿಗೆ ಒಂದು ಅಕ್ಷರ ಒತ್ತಲೂ ಬೆರಳು ಏಳಲಿಲ್ಲ. ಬರೆದರೂ ಅದನ್ನು ಓದುವವರು ಯಾರು? ಉತ್ತರ ಬಂದು ಬೀಳುವುದು ಈ ಹಜಾರಕ್ಕೇ, ಅಷ್ಟರಲ್ಲಿ ಅವಳು ಹೊಳೆ ದಾಟಿರುತ್ತಾಳೆ. ಗಡಿಯಾರ ಏಳೂ ಕಾಲು ತೋರಿಸುತ್ತಿತ್ತು. ಕೂಡುರಸ್ತೆಯಲ್ಲಿ ಏಳೂ ನಲವತ್ತರವರೆಗೆ ಬಸ್ಸು ನಿಲ್ಲುತ್ತದೆ ಎಂದು ಲೋಕಕ್ಕೆಲ್ಲ ಹೇಳಿದವನು ನಾನೇ ಅಲ್ಲವೇ. ಬರಿಗಾಲಿನಲ್ಲಿ ಬೀದಿಗೆ ಓಡಿದೆ.

ಸಮೀವುಲ್ಲಾ ಆಗಷ್ಟೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ನನ್ನ ಮುಖ ನೋಡಿ ಅವನು ಏನನ್ನೂ ಕೇಳಲಿಲ್ಲ, ಬೈಕು ತೆಗೆದ. ಕೆರೆ ಏರಿಯ ಅಡ್ಡದಾರಿಯಲ್ಲಿ ಹೋಗುತ್ತ, ಅವನ ಬೆನ್ನಿಗೆ ಬಾಯಿಟ್ಟು ಎಲ್ಲವನ್ನೂ ಕೂಗಿ ಹೇಳಿದೆ.

“ಮನೇದು ಮನೆಗೇ ಬಂದ್ಬಿಡ್ತಾ?” ಎಂದ ಅವನು. ಆಮೇಲೆ ಬೈಕು ನಿಧಾನ ಮಾಡಿ ಹೇಳಿದ, “ಅಂಕಲ್, ಆಂಟಿ ನನ್ನ ಎರಡು ಸಲ ಕರೆಸಿದ್ರು. ನೀವು ಹೊರಗೆ ಹೋದಾಗ. ‘ಎಲ್ಲರ ಮನೆಗೂ ಪ್ರಶ್ನೆ ಬರ್ತದಂತೆ, ನನಗೆ ಉತ್ತರ ಬರ್ತದೆ, ಪ್ರಶ್ನೆ ಮಾತ್ರ ಬರಲ್ಲ, ಖಾಲಿ ಪುಟ ಬರ್ತದೆ, ಯಾಕಪ್ಪಾ’ ಅಂತ ಕೇಳಿದ್ರು. ನಾನು ಮೆಷೀನ್ ನೋಡ್ದೆ, ಎಲ್ಲ ಸರಿ ಇತ್ತು. ‘ಕಾಯಿರಿ ಆಂಟಿ, ಬರ್ತದೆ’ ಅಂದೆ. ದಿನಾ ಮೂರು ಗಂಟೆಗೆ ಹಾಕ್ಕೊಂಡು ಕೂರ್ತಿದ್ರಂತೆ.”

ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅವಳ ಪ್ರಶ್ನೆಗಳು ನನ್ನ ಮುಂದೆ ಬರುತ್ತಿದ್ದರೆ ಅವಳ ಮುಂದೆ ಬರಬೇಕಾಗಿದ್ದುದು ನನ್ನವು. ಖಾಲಿ ಪುಟ ನಾನೇ. ಹನ್ನೊಂದು ತಿಂಗಳಲ್ಲಿ ನಾನು ಒಂದನ್ನೂ ಕೇಳಿರಲಿಲ್ಲ. ಕೇಳುವವರು ತಿಳಿಯದವರು, ಹೇಳುವವನು ನಾನು ಎಂಬ ಜಂಬ. ಅವಳು ದಿನಾ ಮಧ್ಯಾಹ್ನ ಆ ಬೋಳು ಪುಟದ ಮುಂದೆ ಕೂತು, ಯಾರಾದರೂ ಏನಾದರೂ ಕೇಳಲಿ ಎಂದು ಕಾದು, ಎದ್ದು ಹೋಗಿ ಸಂಜೆಯ ಕಾಫಿಗೆ ಹಾಲು ಕಾಯಿಸುತ್ತಿದ್ದಳು. ಬೈಕಿನ ಮೇಲೆಯೇ ನಾನು ಅತ್ತೆ. ಅರವತ್ತು ದಾಟಿದ ಗಂಡಸು ಕೆರೆ ಏರಿಯ ಮೇಲೆ ಹೋ ಎಂದು ಅಳುತ್ತ ಹೋಗುವುದನ್ನು ಎಮ್ಮೆ ಮೇಯಿಸುವವರು ನಿಂತು ನೋಡಿದರು.

ಕೂಡುರಸ್ತೆ ಮುಟ್ಟಿದಾಗ ಡ್ರೈವರು ಆಗಲೇ ಮೇಲೆ ಹತ್ತಿದ್ದ. ಕಂಡಕ್ಟರು ನನ್ನ ಗುರುತು ಹಿಡಿದು, “ಏನ್ ಸಾರ್, ಕಂಟ್ರೋಲರ್ ಸಾಹೇಬ್ರು ಬರಿಗಾಲಲ್ಲಿ?” ಎಂದ. ಅವನನ್ನು ಪಕ್ಕಕ್ಕೆ ಸರಿಸಿ ಹತ್ತಿದೆ. ಮೂರನೆಯ ಸಾಲು. ಕಿಟಕಿಯ ಪಕ್ಕ ಚೆನ್ನಾಜಿ. ಅವಳ ಪಕ್ಕದ ಸೀಟಿನ ಮೇಲೆ ಹಸಿರು ಚೀಲ. ನಾನು ಹೇಳಿದ್ದನ್ನು ಒಂದಿಷ್ಟೂ ತಪ್ಪಿಸಿರಲಿಲ್ಲ.

ನನ್ನನ್ನು ನೋಡಿ ಅವಳ ಮುಖ ಬಿಳಿಚಿತು. “ನಿಮಗ್ಯಾರು ಹೇಳಿದ್ರು?” ಎಂದಳು.

“ಇಲ್ಲ,” ಎಂದೆ. ಏದುಸಿರು ಬರುತ್ತಿತ್ತು.

“ಏನಿಲ್ಲ?”

“ನೀನು ಕೇಳಿದ್ಯಲ್ಲ, ಮನೆಯವರ ಹತ್ರನೂ ಹೀಗೇ ಮಾತಾಡ್ತೀರಾ ಅಂತ. ಇಲ್ಲ ಚೆನ್ನಾಜಿ. ಮಾತಾಡಲ್ಲ. ಒಂದ್ ದಿನಾನೂ ಮಾತಾಡಿಲ್ಲ.”

ಅವಳಿಗೆ ಅರ್ಥವಾಗುವುದು ನನ್ನ ಕಣ್ಣಿಗೇ ಕಾಣಿಸಿತು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಬಾಯಿ ತೆರೆಯಿತು, ಆಮೇಲೆ ಕೈ ತಾನಾಗಿ ಎಡಭುಜದ ಮೇಲೆ ಹೋಗಿ ನಿಂತಿತು.

“ಹರಳೆಣ್ಣೆ ಹಚ್ಚಿ ಅಂದೋರು ನೀವಾ?”

“ಹೂಂ,” ಎಂದೆ. ಆ ಮಾತು ನನ್ನ ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡೆ. “ಹೌದು. ನಾನೇ. ನಂಗೆ ಗೊತ್ತಿರಲಿಲ್ಲ ಕಣೇ, ಆಣೆಗೂ ಗೊತ್ತಿರಲಿಲ್ಲ.”

“ನಾನು ಅಲ್ಲೇ ಬೇಳೆ ಆರಿಸ್ತಾ ಕೂತಿರ್ತಿದ್ನಲ್ರೀ,” ಎಂದಳು. ದನಿ ಏರಿತು, ಬಸ್ಸಿನವರೆಲ್ಲ ತಿರುಗಿದರು. “ಅಷ್ಟೊಂದು ಮಾತು ನಿಮ್ಮೊಳಗಿತ್ತಾ? ತಾಯೀ ಅಂತ ಬರೀತಿದ್ರಲ್ಲ, ಓದ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ? ಯಾರೋ ದೇವರಂಥ ಮನುಷ್ಯ ಇದಾನೆ ಈ ಊರಲ್ಲಿ ಅಂತ! ಅದೇ ಬಾಯಲ್ಲಿ ನಂಗೊಂದು ಮಾತು ಹೇಳಕ್ಕಾಗ್ಲಿಲ್ವಾ?”

ಕಂಡಕ್ಟರು ಗಂಟಲು ಸರಿಮಾಡಿಕೊಂಡು, “ಸಾರ್, ಹೊತ್ತಾಯ್ತು. ಇಳೀತೀರಾ, ಬರ್ತೀರಾ?” ಎಂದ. ಏಳೂ ನಲವತ್ತು. ನನ್ನ ಕಾಲದಲ್ಲಿ ಯಾರ ಹೆಂಡತಿಗೋಸ್ಕರವೂ ಒಂದು ನಿಮಿಷ ಬಸ್ಸು ನಿಲ್ಲಿಸಿದವನಲ್ಲ ನಾನು. ಪಕ್ಕದ ಸೀಟಿನ ಮೇಲಿನ ಚೀಲವನ್ನು ನೋಡಿದೆ. ಅವಳೂ ಅದನ್ನೇ ನೋಡಿದಳು. ಅದರ ಹಿಡಿಯ ಮೇಲೆ ಕೈಯಿಟ್ಟಳು, ಆದರೆ ಎತ್ತಲಿಲ್ಲ.

“ಹಿಂದೆ ಸೀಟು ಖಾಲಿ ಇದೆ ನೋಡಿ,” ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು.

ಹಿಂದೆ ಇದ್ದದ್ದು ಒಂದೇ ಸೀಟು, ಚಕ್ರದ ಮೇಲಿನದು. ಹೋಗಿ ಕೂತೆ. ಕೆಳಗೆ ನಿಂತಿದ್ದ ಸಮೀವುಲ್ಲಾ ಕೈ ಎತ್ತಿದ. ಬಸ್ಸು ಹೊರಟಿತು, ಮೊದಲ ಹಳ್ಳಕ್ಕೇ ಸೊಂಟ ಕಳಕ್ಕೆಂದಿತು. ನಡುವೆ ಎಂಟು ಸಾಲು ಜನ. ಅವರ ತಲೆಗಳ ಆಚೆ ಅವಳ ತುರುಬು, ಅವಳು ಮುಡಿದಿದ್ದ ನಿನ್ನೆಯ ಹೂವು. ಹೊಳೆಯ ಸೇತುವೆ ಬಂತು. ಮೈಕಿಲ್ಲದೆ ಅಷ್ಟು ಜನರ ಮುಂದೆ ನಾನು ಎಂದೂ ಮಾತಾಡಿದವನಲ್ಲ, ಅದೂ ಏನನ್ನಾದರೂ ಕೇಳಲು.

“ಚೆನ್ನಾಜೀ,” ಎಂದು ಕೂಗಿದೆ. “ಭುಜ ಈಗ ಹೆಂಗಿದೆ?”

ಅವಳು ತಿರುಗಲಿಲ್ಲ. ಸೇತುವೆಯ ಅರ್ಧ ದಾಟಿತು. ಎದುರಿನ ಸೀಟಿನ ಮುದುಕಿಯೊಬ್ಬಳು ನನ್ನನ್ನೂ ಅವಳನ್ನೂ ನೋಡಿ ನೋಡಿ ಕತ್ತು ನೋಯಿಸಿಕೊಂಡಳು.

“ಇನ್ನೂ ನೋಯ್ತದೆ,” ಎಂದಳು ಚೆನ್ನಾಜಿ, ಕಿಟಕಿಯ ಕಡೆಯೇ ಮುಖವಿಟ್ಟುಕೊಂಡು, ಹಿಂದಿನ ಸೀಟಿಗೂ ಕೇಳುವಷ್ಟು ಗಟ್ಟಿಯಾಗಿ.